ಹನ್ನೊಂದನೆಯ ವರ್ಷದ ಕಾವಲು

ಮೊನ್ನೆ ಬ್ರಿಸ್ಬೇನಿನ ಇಂಡೂರೂಪಿಲ್ಲಿಯ ಶಾಪಿಂಗ್ ಸೆಂಟರಿನಲ್ಲಿ ಲಿಫ್ಟಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿದ್ದ ಮುದುಕರೊಬ್ಬರು ಕರವಸ್ತ್ರ ಬಿಚ್ಚಿದರು. ನೀಲಗಿರಿ ಎಣ್ಣೆಯ ಘಾಟು ಮೂಗಿಗೆ ತಾಗಿತು. ಎರಡು ಮಕ್ಕಳನ್ನು ಸಾಕುತ್ತಿರುವ ಹೆಂಗಸು ನಾನು, ಚಿಕ್ಕ ಹುಡುಗಿಯ ಹಾಗೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ವಾಸನೆ ನನ್ನ ಪಾಲಿಗೆ ತಾತನದು. ತಾತನ ನೆನಪಿನ ಜೊತೆ ಬರುವ ಹೆದರಿಕೆಯದೂ ಹೌದು.

ಆಗ ನಾವಿದ್ದದ್ದು ಆಸ್ಟ್ರೇಲಿಯಾದ ಪಶ್ಚಿಮ ತುದಿಯ ಪರ್ತ್ ನಗರದ ಥಾರ್ನ್ಲಿ ಬಡಾವಣೆಯಲ್ಲಿ, ಕೆಂಪು ಇಟ್ಟಿಗೆಯ ಒಂದು ಬಾಡಿಗೆ ಮನೆಯಲ್ಲಿ. ಅಪ್ಪ ಭೂವಿಜ್ಞಾನಿ, ದೂರದ ಉತ್ತರದ ಕಬ್ಬಿಣದ ಗಣಿಯಲ್ಲಿ ಎರಡು ವಾರ, ಮನೆಯಲ್ಲಿ ಒಂದು ವಾರ. ಅಮ್ಮ ಅಂಗಡಿಯ ಕೆಲಸ ಮುಗಿಸಿ ಬರುವಾಗ ಸಂಜೆಯಾಗುತ್ತಿತ್ತು. ನನ್ನನ್ನೂ ನನ್ನ ಅವಳಿ ತಮ್ಮ ಅಭಿಯನ್ನೂ ಸ್ಕೂಲಿನಿಂದ ಕರೆತಂದು ನೋಡಿಕೊಳ್ಳುತ್ತಿದ್ದವರು ಅಪ್ಪನ ಅಪ್ಪ, ನಮ್ಮ ತಾತ. ಅಭಿ ನನಗಿಂತ ಹದಿನೈದು ನಿಮಿಷ ಚಿಕ್ಕವನು, ಆ ಹದಿನೈದು ನಿಮಿಷದ ಯಜಮಾನಿಕೆಯನ್ನು ನಾನು ಒಂದು ದಿನವೂ ಬಿಟ್ಟುಕೊಟ್ಟವಳಲ್ಲ. ತಾತ ಮೈಸೂರಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾಗಿ ಬಂದಿದ್ದರು. ಬೀದಿಯ ಉದ್ದಕ್ಕೂ ನಿಂತ ನೀಲಗಿರಿ ಮರಗಳನ್ನು ಮೂಸಿ, "ಇಡೀ ಊರಿಗೇ ನೆಗಡಿ ಆದ ಹಾಗಿದೆ ಕಣ್ರೋ" ಎಂದು ನಗುತ್ತಿದ್ದರು. ಅಷ್ಟಿದ್ದರೂ ಮೈಸೂರಿಂದ ತಂದ ಎಣ್ಣೆಯ ಶೀಸೆ ಅವರ ಜೇಬು ಬಿಟ್ಟು ಕದಲುತ್ತಿರಲಿಲ್ಲ.

ಮಧ್ಯಾಹ್ನ ಹಾಲು ಕುಡಿದ ಮೇಲೆ ಕಥೆ. ತಾತನ ಕಥೆಯಲ್ಲಿ ರಾಜಕುಮಾರರಿಲ್ಲ, ರಾಕ್ಷಸರಿಲ್ಲ. ನಾನೂರು ವರ್ಷದ ಹಿಂದಿನ ಒಬ್ಬ ಇಂಗ್ಲಿಷ್ ನಾಟಕಕಾರ ಮಾತ್ರ. ಜಗತ್ತಿಗೆಲ್ಲ ಗೊತ್ತಿರುವ ಆ ಹೆಸರನ್ನು ಅವರು ಹೇಳುತ್ತಲೇ ಇರಲಿಲ್ಲ, "ನಮ್ಮ ಮಹಾಶಯ" ಅಂತಲೇ ಕರೆಯುತ್ತಿದ್ದರು. ಮಹಾಶಯನ ಅಪ್ಪ ಕೈಗವಸು ಹೊಲಿಯುವವನು. ಮಹಾಶಯನಿಗೆ ಹದಿನೆಂಟಕ್ಕೇ ಮದುವೆ. ಹೊಟ್ಟೆಪಾಡಿಗೆ ಲಂಡನ್ನಿಗೆ ಹೋದ, ನಟನಾದ, ಬೇರೆಯವರ ನಾಟಕ ತಿದ್ದುತ್ತಾ ತಾನೇ ಬರೆಯತೊಡಗಿದ. ಪ್ಲೇಗು ಬಂದು ನಾಟಕಶಾಲೆಗಳಿಗೆ ಬೀಗ ಬಿದ್ದಾಗ ಪದ್ಯ ಬರೆದು ಬದುಕಿಕೊಂಡ. ತಾತ ಒಂದಕ್ಷರ ಉಪ್ಪುಖಾರ ಹಚ್ಚುವವರಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿಬಿಡುತ್ತಿದ್ದರು. ಅದೇ ಮುಳುವಾಯಿತು.

ನಮಗೆ ಹನ್ನೊಂದು ತುಂಬುವುದಕ್ಕೆ ಒಂದು ವಾರ ಇತ್ತು. ಅಂದು ತಾತ, ಮಹಾಶಯನಿಗೂ ಅವಳಿ ಮಕ್ಕಳಿದ್ದವು, ಒಂದು ಗಂಡು ಒಂದು ಹೆಣ್ಣು ಎಂದರು. ಅಭಿ ಖುಷಿಯಿಂದ ಕುರ್ಚಿಯ ಮೇಲೆ ಹತ್ತಿ ನಿಂತ. ತಾತ ಮುಂದುವರಿಸಿದರು: "ಹುಡುಗ ಹನ್ನೊಂದನೇ ವಯಸ್ಸಿಗೇ ತೀರಿಕೊಂಡ. ಅಪ್ಪ ಊರಲ್ಲಿರಲಿಲ್ಲ, ಕೆಲಸದ ಮೇಲೆ ದೂರ ಹೋಗಿದ್ದ."

"ಏನಾಗಿತ್ತು ತಾತ ಅವನಿಗೆ?" ಎಂದೆ.

"ಯಾರೂ ಬರೆದಿಟ್ಟಿಲ್ಲಮ್ಮ."

"ಅವರಪ್ಪ ಬಂದ್ರಾ?"

"ಅದೂ ಗೊತ್ತಿಲ್ಲ."

"ಸೋ ವಾಟ್, ಇಟ್ಸ್ ಜಸ್ಟ್ ಎ ಸ್ಟೋರಿ," ಎಂದು ಅಭಿ ಬ್ಯಾಟು ಹಿಡಿದು ಹೊರಗೆ ಓಡಿದ. ನಾನು ಮಾತ್ರ ಅಲ್ಲೇ ಕೂತೆ. ಅವಳಿ, ಹನ್ನೊಂದು, ದೂರದ ಅಪ್ಪ. ಇನ್ನೇನು ಬೇಕಿತ್ತು?

ಆ ವರ್ಷ ಪೂರ್ತಿ ನಾನು ತಮ್ಮನ ಕಾವಲಿಗೆ ನಿಂತೆ. ಅವನು ಕೆಮ್ಮಿದರೆ ಸಾಕು, ಹಣೆ ಮುಟ್ಟಿ ನೋಡುತ್ತಿದ್ದೆ. ಈಜುಕೊಳಕ್ಕೆ ಹೋಗಬೇಡವೆಂದು ಅಂಗಿ ಹಿಡಿದೆಳೆದೆ, ನನ್ನ ಪಾಲಿನ ಹೋಳಿಗೆಯನ್ನೂ ಅವನಿಗೇ ತಿನ್ನಿಸಿದೆ. ಕಾಯಿಲೆ ಇಂಥದ್ದೆಂದು ಗೊತ್ತಿದ್ದರೆ ಅದೊಂದಕ್ಕೆ ಹೆದರಬಹುದಿತ್ತು. ಗೊತ್ತಿಲ್ಲದ್ದರಿಂದ ಎಲ್ಲಕ್ಕೂ ಹೆದರಿದೆ. ಒಂದು ಮಧ್ಯಾಹ್ನ ಅಭಿ ಸ್ಕೂಲಿನಿಂದ ಜ್ವರ ಹೊತ್ತು ಬಂದು ಸೋಫಾದ ಮೇಲೆ ಮುದುಡಿ ಮಲಗಿದ. ಮುಟ್ಟಿದರೆ ಹಂಚಿನಂತೆ ಸುಡುತ್ತಿದ್ದ. ತಾತ ಒದ್ದೆ ಬಟ್ಟೆ ತರಲು ಒಳಗೆ ಹೋದಾಗ, ತೀರಾ ತುರ್ತಿಗೆಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಗಣಿಯ ಆಫೀಸಿನ ನಂಬರಿಗೆ ಫೋನ್ ಮಾಡಿ, ತಮ್ಮ ಸಾಯುತ್ತಿದ್ದಾನೆ, ಅಪ್ಪನನ್ನು ಕಳಿಸಿ ಎಂದು ಇಂಗ್ಲಿಷಿನಲ್ಲಿ ಅತ್ತೆ. ರಾತ್ರಿಯ ಹೊತ್ತಿಗೆ ಅಪ್ಪ ವಿಮಾನ ಹಿಡಿದು ಬಂದು ಬಾಗಿಲಲ್ಲಿದ್ದರು, ಬೂಟಿನ ತುಂಬ ಗಣಿಯ ಕೆಂಪು ಮಣ್ಣು. ಅಭಿ ಎದ್ದು ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದ.

ಅಪ್ಪ ಬೈಯಲಿಲ್ಲ. "ದಾರಿಯುದ್ದಕ್ಕೂ ಜೀವ ಬಾಯಿಗೆ ಬಂದಿತ್ತು ಕಣೇ ಪುಟ್ಟಿ," ಎಂದು ನೆಲದ ಮೇಲೇ ಕೂತರು. ನಾನು ಮಹಾಶಯನ ಮಗನ ವಿಷಯ ಹೇಳಿದ ಮೇಲೆ ತಾತನ ಕಡೆ ತಿರುಗಿ, "ಮಕ್ಕಳಿಗೆ ಇವೆಲ್ಲಾ ಯಾಕೆ ಹೇಳ್ತೀರಪ್ಪಾ?" ಎಂದರು. ಮಾರನೆಯ ದಿನದಿಂದ ಕಥೆ ನಿಂತಿತು. ಮಹಾಶಯ ತನ್ನ ದೊಡ್ಡ ನಾಟಕಗಳನ್ನು ಬರೆದದ್ದು ಮಗ ಸತ್ತ ಮೇಲೆ ಎಂಬುದನ್ನು ನಾನು ಎಷ್ಟೋ ವರ್ಷದ ನಂತರ ಬೇರೆಯವರಿಂದ ಕೇಳಿದೆ.

ನಮಗೆ ಹನ್ನೆರಡಾಗಲು ಎರಡೇ ತಿಂಗಳಿದ್ದಾಗ ತಾತ ಎಣ್ಣೆಯನ್ನು ಮೂಗು ಬಿಟ್ಟು ಎದೆಗೆ ತಿಕ್ಕಿಕೊಳ್ಳತೊಡಗಿದರು. ನಾನು ನೋಡಿದೆ, ನೋಡಿಯೂ ನೋಡಲಿಲ್ಲ. ನನ್ನ ಕಣ್ಣೆಲ್ಲ ಅಭಿಯ ಮೇಲಿತ್ತು. ಒಂದು ಸೋಮವಾರ ಸ್ಕೂಲಿನಿಂದ ಬಂದವರೇ ತಾತ ಅಡುಗೆಮನೆಯ ಕುರ್ಚಿಯಲ್ಲಿ ಕುಸಿದರು. ಅಂಗಿ ಬೆವರಿನಿಂದ ತೊಯ್ದಿತ್ತು. "ಅಪ್ಪಂಗೆ ಫೋನ್ ಮಾಡಮ್ಮಾ," ಎಂದರು. ಅಭಿ ಪಕ್ಕದ ಮನೆಗೆ ಓಡಿ ಆಂಬುಲೆನ್ಸ್ ಕರೆಸಿದ. ನಾನು ಅದೇ ನಂಬರು ಒತ್ತಿದೆ. ತುಂಬ ಹೊತ್ತಿನ ಮೇಲೆ ಅಪ್ಪ ಲೈನಿಗೆ ಬಂದರು.

"ಏನೇ ಪುಟ್ಟಿ, ಮತ್ತೆ ಶುರುನಾ?" ದನಿಯಲ್ಲಿ ನಗುವಿತ್ತು.

"ಅಪ್ಪ, ತಾತ..." ಮುಂದಕ್ಕೆ ನನ್ನ ಬಾಯಿ ಏಳಲಿಲ್ಲ.

"ಕಥೆ ಸಾಕು ಅಂತ ತಾತಂಗೆ ಹೇಳು. ಗುರುವಾರ ಬಂದ್ಬಿಡ್ತೀನಿ, ಆಮೇಲೆ ಮಾತಾಡೋಣ." ಫೋನ್ ಇಟ್ಟರು. ಆಸ್ಪತ್ರೆಯಿಂದ ಅಮ್ಮ ಫೋನ್ ಮಾಡುವಷ್ಟರಲ್ಲಿ ಆ ದಿನದ ಕೊನೆಯ ವಿಮಾನ ಹೊರಟುಹೋಗಿತ್ತು. ಅಪ್ಪ ಬಂದದ್ದು ಮರುದಿನ ಬೆಳಿಗ್ಗೆ. ತಾತ ಅಷ್ಟು ಹೊತ್ತು ಕಾಯಲಿಲ್ಲ.

ಥಾರ್ನ್ಲಿಯ ಮನೆ ಆ ವರ್ಷವೇ ಖಾಲಿಯಾಯಿತು. ಅಪ್ಪ ಗಣಿಯ ಕೆಲಸ ಬಿಟ್ಟು ಅಡಿಲೇಡಿನಲ್ಲಿ ಕಡಿಮೆ ಸಂಬಳದ ಆಫೀಸು ಕೆಲಸ ಹಿಡಿದರು. ಅಭಿಗೆ ಹನ್ನೆರಡಾಯಿತು, ಇಪ್ಪತ್ತಾಯಿತು, ಈಗ ಅಪ್ಪನ ಮನೆಯ ಹತ್ತಿರವೇ ಸಂಸಾರ ಹೂಡಿ ಹೊಟ್ಟೆ ಬೆಳೆಸಿಕೊಂಡಿದ್ದಾನೆ. ನನ್ನ ಕಾವಲೇನೋ ಗೆದ್ದಿತು. ತಪ್ಪು ಬಾಗಿಲಲ್ಲಿ ನಿಂತು ಕಾದಿದ್ದೆ, ಅಷ್ಟೇ. ಆ ಫೋನಿನ ವಿಷಯ ಅಪ್ಪನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಇಷ್ಟು ವರ್ಷದಲ್ಲಿ ನಾನು ಯಾವಾಗ ಫೋನ್ ಮಾಡಿದರೂ ಅಪ್ಪ ಮೊದಲ ರಿಂಗಿಗೇ ಎತ್ತುತ್ತಾರೆ. ಮೊನ್ನೆ ಆ ಮೆಟ್ಟಿಲ ಮೇಲಿಂದ ಮಾಡಿದಾಗಲೂ ಹಾಗೇ.

"ಏನಾಯ್ತು ಪುಟ್ಟಿ?"

"ಏನಿಲ್ಲಪ್ಪ, ಸುಮ್ನೆ ಮಾಡ್ದೆ."

"ನಿಜ ಹೇಳು. ಈಗ್ಲೇ ಹೊರಟು ಬರ್ತೀನಿ."