ಎಡಗೈ ಕಾಜಾ

ಚಳಿಗಾಲದಲ್ಲಿ ಬೆಳಗಿನ ಪಾಳಿಗೆ ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಸ್ಕೂಟರಿನಲ್ಲಿ ಹೋಗಿ ನೋಡಿ, ಗೊತ್ತಾಗುತ್ತದೆ. ಸ್ವೆಟರ್, ಅದರ ಮೇಲೊಂದು ಜರ್ಕಿನ್, ಏನು ಹಾಕಿದರೂ ಗಡಗಡ ನಡುಕ. ಅದಕ್ಕೇ ಸಂತೆಯ ಹಳೇ ಬಟ್ಟೆಯ ಗುಡ್ಡೆಯಲ್ಲಿ ಆ ಉದ್ದನೆಯ ಉಣ್ಣೆ ಕೋಟು ಕಂಡಾಗ ನಾನು ಬಿಡಲಿಲ್ಲ.

"ಫಾರಿನ್ ಮಾಲು ಅಕ್ಕಾ, ಹಾಕ್ನೋಡಿ," ಅಂದ ಮಾರುವವನು.

ಮನೆಗೆ ಬಂದರೆ ಅಮ್ಮ ಹೊಸ್ತಿಲಲ್ಲೇ ತಡೆದಳು. "ಯಾರೋ ಸತ್ತೋರ್ದು ಕಣೇ ಅದು. ಒಳಗೆ ತರ್ಬೇಡ, ಆಚೆ ಬಿಸಾಕು."

ನಮ್ಮಲ್ಲಿ ಸತ್ತವರ ಬಟ್ಟೆ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಅಪ್ಪ ತೀರಿಕೊಂಡಾಗಲೂ ಅವರದ್ದನ್ನೆಲ್ಲ ದೊಡ್ಡವರು ಗಂಟು ಕಟ್ಟಿ ಕೊಟ್ಟುಬಿಟ್ಟರು. ಅಪ್ಪ ಟೈಲರ್. ಊರಿಗೆಲ್ಲ ಹೊಲಿದುಕೊಟ್ಟವರ ಒಂದು ಹೊಲಿಗೆಯೂ ಮನೆಯಲ್ಲಿ ಉಳಿಯಲಿಲ್ಲ. ಒಂದು ಅಂಗಿಯನ್ನಾದರೂ ಬಚ್ಚಿಟ್ಟುಕೊಳ್ಳಬೇಕಿತ್ತು ಎಂದು ಅಮ್ಮ ಇವತ್ತಿಗೂ ಹಲುಬುತ್ತಾಳೆ.

ಜಗಲಿಯ ಮೇಲೆ ಕೂತು ಕೋಟು ಬಿಡಿಸಿ ನೋಡಿದೆ. ಲೇಬಲ್ ಇಲ್ಲ, ಕಿತ್ತ ಗುರುತೂ ಇಲ್ಲ. ಒಳಜೇಬು ಮಾತ್ರ ಕೈ ಹಾಕಿದರೆ ಮೊಣಕೈವರೆಗೂ ಇಳಿಯುವಷ್ಟು ಆಳ, ತಳದಲ್ಲಿ ಒಣಗಿದ ಸುಣ್ಣ, ಅಡಿಕೆ ಚೂರು. ಎಲೆಅಡಿಕೆ ಸಂಚಿಗೆಂದೇ ಇಡಿಸಿದ ಜೇಬು. ಯಾವ ಫಾರಿನ್ನವನು ಎಲೆಅಡಿಕೆ ಹಾಕುತ್ತಾನೆ, ನನ್ನ ತಲೆ!

"ಅಮ್ಮ, ಇದು ನಮ್ಮ ಕಡೆಯೋರೇ ಹೊಲಿದಿರೋದು," ಎಂದು ಜೇಬು ತೋರಿಸಿದೆ.

ಅವಳ ಮುಖವೇ ಬದಲಾಯಿತು. "ನಿಮ್ಮಪ್ಪನೂ ಚಳಿ ಬಂದ್ರೆ ಇಂಥವು ಹೊಲೀತಿದ್ರು. ಅವ್ರದ್ದಾ ನೋಡು, ಅವ್ರದ್ದಾ?"

ಸುಮ್ಮನೆ ಆಸೆ ಹುಟ್ಟಿಸಿದೆನಲ್ಲ ಎಂದು ನನಗೆ ರೇಗಿತು. "ತಾಲೂಕಲ್ಲಿ ಟೈಲರ್‌ಗಳಿಗೆ ಬರಾನಾ? ಮಿಷನ್ ಹೊಲಿಗೆ ನೋಡಿ ಯಾರ್ದು ಅಂತ ಹೇಳಕ್ಕಾಗುತ್ತಾ?"

ಅವಳು ಬಿಸಾಕು ಎಂದಿದ್ದ ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಕಾಲರು, ತೋಳು, ಅಂಚು ಎಲ್ಲ ತಡವಿದಳು. "ಗೊತ್ತಾಗ್ತಿಲ್ಲ ಕಣೇ," ಎಂದಾಗ ದನಿ ಬಿದ್ದುಹೋಗಿತ್ತು. ಪಾಪ ಅನ್ನಿಸಿತು. ಮಡಿಚಿಡಲು ಗುಂಡಿ ಹಾಕತೊಡಗಿದವಳು ಮೊದಲ ಗುಂಡಿಗೇ ನಿಂತಳು.

"ನನ್ನ ಕನ್ನಡಕ ತಾ."

ಗುಂಡಿ ತೂರಿಸುವ ಸೀಳಿನ ಅಂಚಿಗೆ ದಾರದ ಗಂಟು ಹಾಕುತ್ತಾ ಬರುವುದೇ ಕಾಜಾ. ಅಪ್ಪನ ಕಾಲದಲ್ಲಿ ಅದೆಲ್ಲ ಕೈಕೆಲಸ, ನಮ್ಮ ಮನೆಯಲ್ಲಿ ಅಮ್ಮನ ಪಾಲಿನದು. ಅಮ್ಮ ಎಡಚಿ. ಊಟಕ್ಕೆ ಎಡಗೈ ಚಾಚಿದರೆ ಅಜ್ಜಿ ರಪ್ಪನೆ ಹೊಡೆಯುತ್ತಿದ್ದಳು. ಕಾಜಾ ಯಾವ ಕೈಯಲ್ಲಿ ಆಗುತ್ತಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ, ಕೆಲಸ ಮುಗಿದರೆ ಸಾಕಿತ್ತು. ಎಲ್ಲರೂ ಒಂದು ತುದಿಯಿಂದ ಹೊರಟರೆ ಇವಳು ಎದುರು ತುದಿಯಿಂದ.

"ಇದು ನಂದು," ಎಂದಳು.

"ಕೋಟಾ?"

"ಅಯ್ಯೋ, ಕಾಜಾ ಕಣೇ! ಗಂಟು ನೋಡು, ಎಲ್ಲಾ ಉಲ್ಟಾ ವಾಲ್ಕೊಂಡಿವೆ. ನಿಮ್ಮಪ್ಪನ್ನ ಬಿಟ್ಟು ಇನ್ಯಾರಿಗೂ ನಾನು ಕಾಜಾ ಹಾಕ್ಕೊಟ್ಟಿಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಅಳು ಬಂದುಬಿಟ್ಟಿತು, ಇಬ್ಬರಿಗೂ. ನಾವು ಅಪ್ಪನ ಬಟ್ಟೆ ಕೊಟ್ಟ ಹಾಗೆಯೇ ಇನ್ಯಾರೋ ತಮ್ಮ ಯಜಮಾನರದ್ದನ್ನು ಕೊಟ್ಟಿರಬೇಕು. ಅಮ್ಮ ತಾನೇ ಅದನ್ನು ಹೊಸ್ತಿಲು ದಾಟಿಸಿದಳು.

ಮರುದಿನ ಪಾಳಿಗೆ ಹೊರಡುವಾಗ ಕೋಟು ಕೇಳಿದೆ.

"ಸ್ವೆಟರ್ ಹಾಕ್ಕೊಂಡ್ ಹೋಗು," ಎಂದಳು ಅಮ್ಮ, ಕೋಟು ತೊಟ್ಟು ಕೊನೆಯ ಗುಂಡಿಯವರೆಗೂ ಹಾಕಿಕೊಂಡು ಒಲೆ ಹಚ್ಚುತ್ತಾ.