ಉಂಡ ಮೇಲೆ ಬರುತ್ತಿದ್ದ ನೋವು

ಮೊಮ್ಮಗಳು ಹುಟ್ಟಿದಾಗ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ ಅಂತ ನಮ್ಮ ಯಜಮಾನರು ಈಗಲೂ ಹಾಸ್ಯ ಮಾಡುತ್ತಾರೆ. ಮಾಡಲಿ. ಇರುವ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆಂದು ಮಾರ್ಕಯನ್‌ಕೋಟ್ಟೈಗೆ, ನಮ್ಮ ಮನೆಗೆ ಬಂದು, ತಲೆತುಂಬ ಕೂದಲಿದ್ದ ಹೆಣ್ಣುಕೂಸನ್ನು ನನ್ನ ಮಡಿಲಿಗೆ ಹಾಕಿದ್ದಳು. ಆ ಕೂಸು ಆಕಳಿಸಿದರೂ ನಾನು ಅಕ್ಕಪಕ್ಕದವರನ್ನು ಕರೆದು ತೋರಿಸುತ್ತಿದ್ದೆ. ತಮಿಳು ಸೀಮೆಯ ನಮ್ಮ ತೇನಿ ಬೇರೆ ಜಿಲ್ಲೆಯಾದ ಹೊಸತು ಅದು. ಊರವರೆಲ್ಲ ಜಿಲ್ಲೆಯ ಮಾತಾಡುತ್ತಿದ್ದರೆ ನಾನು ಕೂಸಿನ ಮಾತಾಡುತ್ತಿದ್ದೆ.

ಬಾಣಂತಿಗೆ ನಮ್ಮ ಜನರಲ್ಲಿ ಒಂದು ಕ್ರಮ ಉಂಟು. ಶುಂಠಿ, ಮೆಣಸು, ಬೆಳ್ಳುಳ್ಳಿ ಅರೆದು, ಕರಿಬೆಲ್ಲ ಹಾಕಿ, ಒಳ್ಳೆಣ್ಣೆ, ಅಂದರೆ ಎಳ್ಳೆಣ್ಣೆ, ಮೇಲೆ ತೇಲುವ ತನಕ ತಿರುವಿ ಮದ್ದು ಮಾಡುತ್ತೇವೆ. ಬೆಳಗ್ಗೆ ಎದ್ದ ಕೂಡಲೆ ಅದರದೊಂದು ಉಂಡೆ. ಮಧ್ಯಾಹ್ನ ಬಿಸಿ ಅನ್ನದ ನಡುವೆ ಗುಳಿ ಮಾಡಿ ತುಂಬ ತುಪ್ಪ. ಸೊಂಟ ಗಟ್ಟಿಯಾಗಬೇಕು, ಕೂಸಿಗೆ ಹಾಲು ಇಳಿಯಬೇಕು. ನಾನು ಸಂತೋಷದಲ್ಲಿ ಸೌಟು ಅಳೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಗಳು ಕೈ ತೊಳೆದು ಬಂದು ಸ್ವಲ್ಪ ಹೊತ್ತಿಗೆ ಗೋಡೆ ಹಿಡಿದು ಕೂತುಬಿಟ್ಟಳು.

“ಅವ್ವಾ, ಇಲ್ಲೇ, ಇಲ್ಲಿ ತಾನ್. ಪಕ್ಕೆಲುಬಿನ ಕೆಳಗೆ. ಮುರುಚಿ ಹಿಡಿತೈತೆ.”

“ಹೆತ್ತ ಹೊಟ್ಟೆ, ನನ್ನ ಕಣ್ಣು, ಗಾಳಿ ಸೇರಿರುತ್ತೆ. ಇನ್ನೊಂದು ಉಂಡೆ ಮದ್ದು ನುಂಗು.”

ನುಂಗಿದಳು. ನೋವು ಬೆನ್ನಿಗೆ ಏರಿತು, ಬಲ ಭುಜದ ಹಿಂದೆ ಹೋಗಿ ಕೂತಿತು. ಸಂಜೆಗೆ ತಾನಾಗಿ ಬಿಟ್ಟಿತು. ಮದ್ದು ಕೇಳಿತು ಅಂದುಕೊಂಡೆವು. ಮತ್ತೆರಡು ದಿನಕ್ಕೆ ಅದೇ ಕಥೆ. ಗಾಳಿ ಇನ್ನೂ ಹೋಗಿಲ್ಲ ಅಂತ ನಾನು ತುಪ್ಪ ಇನ್ನಷ್ಟು ಸುರಿದೆ. ಕಡೆಗೆ ಮಗಳು ತಟ್ಟೆ ಕಂಡರೆ ಮುಖ ತಿರುಗಿಸುವಂತಾದಳು. ಉಂಡರೆ ನೋವು, ಉಣ್ಣದಿದ್ದರೆ ಹಾಲಿಲ್ಲ. ಕೂಸು ಎದೆ ಚೀಪಿ ಚೀಪಿ ಸಿಟ್ಟಿನಿಂದ ಅಳುತ್ತಿತ್ತು. ನಮ್ಮ ಯಜಮಾನರ ತಂಗಿ ಹೀಗೇ ಹೊಟ್ಟೆನೋವು ಅಂತ ಮಲಗಿದವಳು ಏಳಲಿಲ್ಲ. ಹೊಟ್ಟೆಯಲ್ಲಿ ಗಡ್ಡೆ ಇತ್ತು ಅಂದಿದ್ದರು. ಆ ಮಾತು ನನ್ನ ಬಾಯಿಗೂ ಅವರ ಬಾಯಿಗೂ ಬಂದು ಇಬ್ಬರೂ ನುಂಗಿಕೊಳ್ಳುತ್ತಿದ್ದೆವು.

ಯಾರೋ ತೊಕ್ಕಂ ಇರಬೇಕು ಅಂದರು. ಉಂಡದ್ದು ಒಳಗೆ ಸಿಕ್ಕಿಕೊಂಡು ನೋವು ಕೊಡುತ್ತದೆ, ಅದನ್ನು ಕೊಳವೆ ಇಟ್ಟು ಹೀರಿ ತೆಗೆಯುವವರಿದ್ದಾರೆ. ಅಂಥವನೊಬ್ಬ ಮುದುಕ ಪೆರಿಯಕುಳದಲ್ಲಿದ್ದ. ಕರೆದುಕೊಂಡು ಹೋದೆವು. ಮಗಳ ಗಂಟಲ ಮೇಲೆ ಕೊಳವೆ ಇಟ್ಟು ಹೀರಿ, ಅಂಗೈಗೆ ಏನೋ ಉಗಿದು ತೋರಿಸಿದ. ಅನ್ನದಗುಳು. ಹೊರಡುವಾಗ ಪಥ್ಯ ಹೇಳಿದ: ಕೆಲವು ದಿನ ಗಂಜಿ, ಇಡ್ಲಿ, ರಸಂ ಮಾತ್ರ; ಎಣ್ಣೆ, ತುಪ್ಪ, ಮಾಂಸ ಯಾವುದೂ ಬೇಡ.

ನೋವು ನಿಂತೇ ಹೋಯಿತು. ಮಗಳು ನಕ್ಕಳು. ನಾನು ಮುದುಕನಿಗೆ ಬಾಳೆಗೊನೆ ಕಳಿಸಿದೆ.

ಆಮೇಲೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ಬೀಗರು ಬಂದರು, ಆಡು ಕಡಿದೆವು. ಪಥ್ಯ ಮುಗಿಯಿತಲ್ಲ ಅಂತ ನಾನೇ ಮಗಳ ಎಲೆಗೆ ಎಣ್ಣೆ ತೇಲುವ ಸಾರು ಬಡಿಸಿದೆ. ಹೆಂಗಸರು ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೆ ಅವಳು ಒಳಮನೆಯಲ್ಲಿ ವಾಂತಿ ಮಾಡಿ, ಮೊಣಕಾಲು ಮಡಚಿ ಉರುಳಾಡುತ್ತಿದ್ದಳು. ಬೀಗಿತ್ತಿ ಬಾಗಿಲಲ್ಲಿ ನಿಂತು, “ನಮ್ಮ ಮನೇಲಿ ಇದ್ದಾಗ ಕಲ್ಲು ತಿಂದ್ರೂ ಕರಗಿಸ್ಕೊಂತಿದ್ದಳಮ್ಮ. ತಾಯಿ ಮನೆ ಊಟ ಸಾಪಾಡು ತಾನ್ ಸೇರಲಿಲ್ಲ ಅನ್ಸುತ್ತೆ” ಅಂದರು. ನಾನು ಮಗಳ ಬಾಯಿ ಒರೆಸಿ, ತಲೆಯನ್ನು ತೊಡೆಗೆ ಎಳೆದುಕೊಂಡೆ.

ಮಾರನೆಯ ದಿನ ಮತ್ತೆ ಮುದುಕನ ಜಗಲಿ. ಈ ಸಲ ಅಂಗೈಯಲ್ಲಿ ತೆಂಗಿನಕಾಯಿ ಚೂರು ತೋರಿಸಿದ. ಬಸ್‌ಸ್ಟ್ಯಾಂಡಿಗೆ ಬರುವಾಗ ಮಗಳು ನನ್ನ ತೋಳು ಹಿಡಿದಳು.

“ಅವ್ವಾ, ಹೆತ್ತ ಮೇಲೆ ನೀ ನನಗೆ ತೆಂಗಿನಕಾಯಿ ಕೊಟ್ಟಿದ್ಯಾ?”

“ಇಲ್ಲ ಕಣ್ಣು, ಬಾಣಂತಿಗೆ ಆಗಲ್ಲ.”

“ನಿನ್ನೆ ಸಾರಿಗೂ ಹಾಕಿರಲಿಲ್ಲ. ಮತ್ತೆ ಆ ಚೂರು ಯಾರ ಹೊಟ್ಟೇದು?”

ನಾನು ನಿಂತುಬಿಟ್ಟೆ. ಯಜಮಾನರು ಟವೆಲ್ಲಿನಿಂದ ಮುಖ ಒರೆಸಿಕೊಂಡು, “ನಡೀರಿ, ಇವತ್ತೇ ತೇನಿಗೆ ಹೋಗಿಬಿಡಾಣ” ಅಂದರು.

ತೇನಿಯ ಡಾಕ್ಟ್ರಮ್ಮ ತಮಿಳಿನಲ್ಲೇ ಕೇಳುತ್ತಾ ಹೋದರು. ಉಂಡ ಎಷ್ಟು ಹೊತ್ತಿಗೆ ಬರುತ್ತೆ, ಎಲ್ಲಿಗೆ ಹರಿಯುತ್ತೆ. ಆಮೇಲೆ, “ನಡುವೆ ಯಾವಾಗಲಾದರೂ ನೋವೇ ಇಲ್ಲದ ದಿನ ಇದ್ದವಾ?” ಅಂದರು. ನಾಚಿಕೆಯಾದರೂ ತೊಕ್ಕಂ ತೆಗೆಸಿದ್ದನ್ನು ಹೇಳಿದೆ. ಬೈಯುತ್ತಾರೆ ಅಂದುಕೊಂಡರೆ ಅವರು ಪೆನ್ನು ಕೆಳಗಿಟ್ಟರು.

“ಆ ದಿನಗಳಲ್ಲಿ ಏನು ಕೊಟ್ಟಿರಿ?”

“ಗಂಜಿ, ಇಡ್ಲಿ, ರಸಂ.”

“ಎಣ್ಣೆ, ತುಪ್ಪ?”

“ಒಂದು ತೊಟ್ಟೂ ಇಲ್ಲ.”

“ಮಿಕ್ಕ ದಿನ?”

ಮಿಕ್ಕ ದಿನ ಕೊಟ್ಟದ್ದನ್ನೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿಯೇ ಇಳಿದುಹೋಯಿತು. ಡಾಕ್ಟ್ರಮ್ಮ ಮಗಳ ಬಲಪಕ್ಕೆಯ ಕೆಳಗೆ ಬೆರಳೊತ್ತಿ ಉಸಿರೆಳೆದುಕೋ ಅಂದರು. ಅವಳ ಉಸಿರು ಅರ್ಧಕ್ಕೇ ನಿಂತಿತು. ಪಿತ್ತಕೋಶದ ತೊಂದರೆ ಇರಬಹುದು, ದಿಂಡುಕ್ಕಲ್ಲಿಗೆ ಹೋಗಿ ಸ್ಕ್ಯಾನ್ ಮಾಡಿಸಿ, ಆಪರೇಷನ್ ಮಾಡುವವರೂ ಅಲ್ಲೇ ಇದ್ದಾರೆ ಅಂತ ಚೀಟಿ ಬರೆದರು.

ದಿಂಡುಕ್ಕಲ್ ಬಸ್ಸಿನಲ್ಲಿ ಕೂಸು ನನ್ನ ತೊಡೆಯ ಮೇಲೆ ಮಲಗಿತ್ತು. ಇರಬಹುದು ಅಂದರಲ್ಲ, ಇಲ್ಲದೆಯೂ ಇರಬಹುದು, ಗಡ್ಡೆಯೂ ಇರಬಹುದು. ದಾರಿಯುದ್ದಕ್ಕೂ ನನಗೆ ಅದೊಂದೇ. ಸ್ಕ್ಯಾನ್ ಕೋಣೆಯಲ್ಲಿ ಹೊಟ್ಟೆಗೆ ತಣ್ಣನೆಯ ಜೆಲ್ಲಿ ಹಚ್ಚಿದಾಗ ಮಗಳು, “ಇನ್ನೊಂದು ಕೂಸು ಐತೆ ಅಂತ ಹೇಳಿಬುಟ್ಟಾರು ಅವ್ವಾ” ಅಂದಳು. ನೋಡುತ್ತಿದ್ದ ಡಾಕ್ಟರಿಗೆ ನಗು ಬಂತು. ಆಮೇಲೆ ಟೀವಿಯಂಥ ಪೆಟ್ಟಿಗೆಯನ್ನು ನನ್ನ ಕಡೆ ತಿರುಗಿಸಿದರು. ಕಪ್ಪು ಚೀಲದೊಳಗೆ ಬೆಳ್ಳಗೆ ಹೊಳೆಯುವ ಕಾಳುಗಳು.

“ಕಲ್ಲುಗಳು. ಬಸುರಿಯರಿಗೆ ಆಗುವುದುಂಟು. ಕೊಬ್ಬು ತಿಂದಾಗ ಈ ಚೀಲ ಹಿಂಡಿಕೊಳ್ಳುತ್ತೆ, ಕಲ್ಲು ಅದರ ಬಾಯಿಗೆ ಅಡ್ಡ ಬರುತ್ತೆ, ನೋವು.”

“ಗಡ್ಡೆ?”

“ಗಡ್ಡೆ ಎಲ್ಲೂ ಇಲ್ಲಮ್ಮ.”

ನಾನು ಕೂಸನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟೆ. ಕಲ್ಲು ಅಂತ ಕೇಳಿ ಇಷ್ಟು ಖುಷಿಪಟ್ಟವರನ್ನು ಅವರು ನೋಡಿರಲಿಕ್ಕಿಲ್ಲ.

ಆಪರೇಷನ್ ಮಾಡಿ ಆ ಚೀಲವನ್ನೇ ತೆಗೆದ ದಿನ ಒಳಲೆಯಲ್ಲಿ ಹಾಲು ಕುಡಿಸಿ ಕೂಸನ್ನು ಸಂಭಾಳಿಸಿದೆ. ಮನೆಗೆ ಬಂದು ಗಾಯ ಮಾಗುವ ತನಕ ಮೆತ್ತನೆ ಅನ್ನವೇ. ಕಡೆಗೊಂದು ದಿನ ಡಾಕ್ಟರು, ಇನ್ನು ಎಲ್ಲರ ಹಾಗೆ ಉಣ್ಣಲಿ ಅಂದರು. ಅನ್ನ, ಬೇಳೆ, ಒಂದು ಚಮಚ ತುಪ್ಪ ಬಡಿಸಿ ನಾವಿಬ್ಬರೂ ಎದುರಿಗೆ ಕೂತೆವು.

“ಹಿಂಗೆ ಮೂತಿ ನೋಡ್ತಾ ಕೂತ್ರೆ ನುಂಗಾದೆಂಗೆ?” ಅಂದಳು ಮಗಳು.

ಉಂಡು, ಚಾಪೆ ಹಾಸಿಕೊಂಡು ಮಲಗಿದಳು. ನೋವು ಬರುವ ಹೊತ್ತು ಬಂತು. ಯಜಮಾನರು ಮೆಲ್ಲಗೆ, “ಎಬ್ಬಿಸಿ ಕೇಳಾಣವಾ?” ಅಂದರು. “ಸುಮ್ಕಿರಿ, ನಿಮ್ಮ ಬುದ್ಧಿಗಿಷ್ಟು” ಅಂತ ಬೈದು, ನಾನೇ ಬಗ್ಗಿ ಅವಳ ಉಸಿರು ನೋಡಿದೆ. ಆ ಹೊತ್ತು ದಾಟಿಹೋಯಿತು. ಕೂಸು ಎದ್ದು ಅತ್ತಿತು. ಮಗಳು ಕಣ್ಣು ಬಿಡದೆಯೇ ಅದನ್ನು ಎಳೆದುಕೊಂಡು ಹಾಲಿಗೆ ಹಾಕಿಕೊಂಡಳು.

“ಅವ್ವಾ,” ಅಂದಳು. ನಾನು ಧಡಕ್ಕನೆ ಅವಳ ಪಕ್ಕೆಗೆ ಕೈ ಹಾಕಿದೆ.

“ಅನ್ನ ಇನ್ನೂ ಕೊಂಜ ಉಳಿದೈತಾ?”