ಹಸಿರು ಎಂಬ ಒಂದು ಮಾತು

ಠಾಣೆಯಲ್ಲಿ ಎಲ್ಲರೂ ಆ ಇನ್ಸ್‌ಪೆಕ್ಟರನ್ನು ಬೆನ್ನ ಹಿಂದೆ ‘ಆಮೇಲೆ ಸಾಹೇಬರು’ ಎನ್ನುತ್ತಿದ್ದರು. ವಿಚಾರಣೆಗೆ ಕುಳಿತವನು ‘ನನ್ನ ಮೇಲೆ ಏನಿದೆ, ತೋರಿಸಿ’ ಎಂದರೆ ಅವರದು ಒಂದೇ ಉತ್ತರ, ‘ಆಮೇಲೆ’. ಹೆಂಡತಿ ಊಟಕ್ಕೆ ಕರೆದರೂ ಅದೇ ರಾಗ. “ನಾನೇನು ಕಳ್ಳೀನಾ, ನನ್ನ ಹತ್ರಾನೂ ಬಾಯಿ ಬಿಡಲ್ವಲ್ಲ” ಎಂದು ಆಕೆ ರೇಗಿಸುತ್ತಿದ್ದಳು.

ಅದು ಅವರ ಕಸುಬಿನ ಗುಟ್ಟು. ಸಿಕ್ಕ ಸಾಕ್ಷಿಯನ್ನು ಡ್ರಾಯರಿಗೆ ಹಾಕಿ ಬೀಗ ಜಡಿದು, ಮೊದಲು ಎದುರಿನವನ ಮಾತನ್ನು ಪೂರ್ತಿ ಕೇಳಬೇಕು. ಮಾಡಿದವನಿಗಷ್ಟೇ ಗೊತ್ತಿರುವ ಸಂಗತಿ ಅವನ ಬಾಯಿಂದಲೇ ಬರಬೇಕು. ನಾವೇ ಹೇಳಿಕೊಟ್ಟರೆ ಅದು ಬರೀ ಗಿಳಿಪಾಠ. ಹೊಸಬರಿಗೆ ಇದನ್ನು ಹೇಳಿ ಹೇಳಿ ಅವರ ತಲೆ ಚಿಟ್ಟು ಹಿಡಿಸಿದ್ದರು.

ಬಟ್ಟೆ ಗೋದಾಮಿಗೆ ಬೆಂಕಿ ಬಿದ್ದ ಪ್ರಕರಣದಲ್ಲಿ, ಹಿಂದಿನ ವಾರವಷ್ಟೇ ಕೆಲಸ ಕಳೆದುಕೊಂಡಿದ್ದ ಮುದಿ ಕಾವಲುಗಾರನನ್ನು ಕರೆತಂದಿದ್ದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಕೇಳಿದ್ದನ್ನೇ ಕೇಳಿದಾಗಲೆಲ್ಲ ‘ನನಗೇನೂ ಗೊತ್ತಿಲ್ಲ’ ಎಂದವನು, ಎರಡು ಗಂಟೆಗೆ ಇದ್ದಕ್ಕಿದ್ದಂತೆ “ಹೌದು ಸರ್, ನಾನೇ. ಹಸಿರು ಕ್ಯಾನಲ್ಲಿ ಸೀಮೆಎಣ್ಣೆ ತಂದೆ” ಎಂದ. ಗೋದಾಮಿನಲ್ಲಿ ಸಿಕ್ಕ ಕ್ಯಾನನ್ನು ಸಾಹೇಬರು ಬೀಗ ಹಾಕಿ ಇಟ್ಟಿದ್ದರು; ಅದರ ಬಣ್ಣ ಹೊರಗೆ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಮೇಲಧಿಕಾರಿ ದೊಡ್ಡ ಸಾಹೇಬರು ಬಂದು ಇವರ ಬೆನ್ನು ತಟ್ಟಿ ಹೋದರು.

ಇವರಿಗೆ ಮಾತ್ರ ಕುಂತಲ್ಲಿ ಕೂರಲಾಗಲಿಲ್ಲ. ಕಿಟಕಿಗೆ ಹೋದರು, ಬಂದರು, ಚಹಾ ತರಿಸಿ ಕುಡಿಯದೆ ಬಿಟ್ಟರು. ಅಷ್ಟು ಹೊತ್ತು ಬಾಯಿ ಬಿಗಿಹಿಡಿದವನು ಬಣ್ಣದ ಸಮೇತ ಒಪ್ಪಿಕೊಂಡದ್ದು ಏಕೋ ಸರಿಕಾಣಲಿಲ್ಲ. ಕೊನೆಗೆ ವಿಚಾರಣೆಯ ರೆಕಾರ್ಡಿಂಗ್ ಹಾಕಿಕೊಂಡು ಕಿವಿಗೊಟ್ಟರು.

ರೆಕಾರ್ಡಿಂಗಿನಲ್ಲಿ ಬೆಳಗಿನ ಹನ್ನೊಂದು ಗಂಟೆಯ ಸುಮಾರಿಗೆ ಅವರದೇ ಧ್ವನಿ: “ಯಜಮಾನ್ರೆ, ಆ ಹಸಿರು ಕ್ಯಾನು ನಿಮ್ಮ ಕಡೆ ಎಲ್ಲಿ ಸಿಗತ್ತೆ?”

ದೊಡ್ಡ ಸಾಹೇಬರು ಫೋನಿನಲ್ಲಿ ಅವಸರ ಮಾಡಿದ ಹೊತ್ತು ಅದು. ಇವರ ನಾಲಿಗೆ ಜಾರಿತ್ತು. ಅವರಿಗೆ ತಮ್ಮ ಮೇಲೇ ಅಸಹ್ಯವಾಯಿತು. ಊರಿಗೆಲ್ಲ ಪಾಠ ಹೇಳಿದವರು ಆ ಬಣ್ಣವನ್ನು ಮುದುಕನ ಬಾಯಿಗೆ ತಾವೇ ಇಟ್ಟಿದ್ದರು. ಇನ್ನೊಂದು ಗಂಟೆಯಲ್ಲಿ ಅವನನ್ನು ನ್ಯಾಯಾಲಯಕ್ಕೆ ಒಯ್ಯುವವರಿದ್ದರು. ಒಮ್ಮೆ ಹೋದರೆ ಜೈಲೇ ಗತಿ.

ದಾಪುಗಾಲು ಹಾಕಿ ವಿಚಾರಣೆಯ ಕೋಣೆಗೆ ಹೋದರು.

“ಯಜಮಾನ್ರೆ, ಕ್ಯಾನಿನ ಮುಚ್ಚಳ ಏನು ಮಾಡಿದ್ರಿ?”

“ಮುಚ್ಚಳಾನಾ?” ಕಾವಲುಗಾರ ಅವರ ಮುಖ ನೋಡಿದ. “ಬಿಸಾಕಿದೆ ಸರ್. ಅಲ್ಲೇ ಎಲ್ಲೋ.”

ಆ ಕ್ಯಾನಿಗೆ ಮುಚ್ಚಳವೇ ಇರಲಿಲ್ಲ. ಅದರ ಬಾಯಿಗೆ ಹಳೇ ಬಟ್ಟೆ ತುರುಕಿ ತಂತಿ ಸುತ್ತಲಾಗಿತ್ತು, ಮೊದಲಿನಿಂದಲೂ. ಬೆಂಕಿ ಇಟ್ಟವನು ಆ ತಂತಿ ಬಿಚ್ಚದೆ ಒಂದು ತೊಟ್ಟು ಎಣ್ಣೆಯನ್ನೂ ಸುರಿಯಲಾರ.

ಸಾಹೇಬರು ವರದಿಯ ಕೊನೆಗೆ ಬರೆದರು: ‘ಹಸಿರು ಎಂಬ ಮಾತು ಮೊದಲು ಬಂದದ್ದು ನನ್ನ ಬಾಯಿಂದ. ಕ್ಯಾನಿಗೆ ಮುಚ್ಚಳವೇ ಇರಲಿಲ್ಲ ಎಂಬುದು ಈತನಿಗೆ ತಿಳಿಯದು.’ ದೊಡ್ಡ ಸಾಹೇಬರು ಅದನ್ನು ಓದಿ ಕೆಂಡವಾದರು.

“ಈ ಎರಡು ಸಾಲು ತೆಗೀರಿ. ಒಂದು ಪದಕ್ಕೋಸ್ಕರ ನಿಮ್ಮ ಇಷ್ಟು ವರ್ಷದ ಹೆಸರಿಗೆ ಮಸಿ ಬಳ್ಕೋತೀರಾ?”

“ಮಸಿ ಆಗ್ಲೇ ಬಿದ್ದಿದೆ ಸರ್” ಎಂದು ಇವರು ಸಹಿ ಹಾಕಿ ಕೊಟ್ಟರು.

ಸಂಜೆ ಐದಕ್ಕೆ ಕಾವಲುಗಾರನನ್ನು ಬಿಟ್ಟರು. ಇವರೇ ಬಾಗಿಲವರೆಗೆ ಹೋಗಿ, “ಮನೆಗೆ ಹೋಗಿ ಯಜಮಾನ್ರೆ. ತಪ್ಪು ನಂದು” ಎಂದರು.

ಅವನು ಮೆಟ್ಟಿಲು ಇಳಿಯಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದವನು ತಲೆ ಎತ್ತಿ, ಏನೋ ಲೆಕ್ಕ ತಪ್ಪಿದವನ ಹಾಗೆ ನಿಂತ.

“ಹಾಗಾದ್ರೆ ಸರ್, ನಾನು ಮಾಡಿಲ್ವಾ?”

“ಇಲ್ಲ” ಎಂದರು ಸಾಹೇಬರು. ಅವನು ನಂಬಲಿಲ್ಲವೆಂದು ಕಂಡು ಇನ್ನೊಮ್ಮೆ ಹೇಳಿದರು.